ಹೊಲಿಗೆ ಕೇಂದ್ರದಲ್ಲಿ ಬಾಬೂಜಿ

ಸಮಾಜವನ್ನು ಉದ್ಧಾರ ಮಾಡಲು ಹೊರಟವರಿಗೆ ವಾರಕ್ಕೊಮ್ಮೆಯಾದರೂ ಮುಖಭಂಗ ಆಗುತ್ತಲೇ ಇರುತ್ತದೆ. ನನಗೆ ವಾರಕ್ಕೆ ಎರಡು ಸಲ ಆದದ್ದೂ ಉಂಟು.

ನಾನು ದಿಲ್ಲಿಯ ಒಂದು ಸಚಿವಾಲಯದಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಪೀತಮ್‌ಪುರದ ಮನೆಯಲ್ಲಿ ಕೂತು ಹೆಂಡತಿಗೆ, ಸಾರಿಗೆ ಇಷ್ಟು ಹುಳಿ ಯಾಕೆ, ಬೇಳೆ ಎಷ್ಟು ಹೊತ್ತಿಗೆ ಇಟ್ಟೆ ಎಂದೆಲ್ಲ ಪ್ರಶ್ನೆ ಕೇಳುತ್ತಿದ್ದೆ. "ನಿಮ್ಮ ಪ್ರಶ್ನೆಗಳನ್ನ ಬೇರೆ ಎಲ್ಲಾದ್ರೂ ಕೇಳ್ಕೊಂಡು ಬನ್ನಿ" ಎಂದು ಅವಳು ಕೈ ಮುಗಿದಳು. ಆಗ ಸಿಕ್ಕಿದ್ದು ಫರೀದಾಬಾದಿನ ಕಾರ್ಮಿಕರ ಬಡಾವಣೆಯಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುವ ಪುಟ್ಟ ಸೇವಾಸಂಸ್ಥೆ. ನೋಯ್ಡಾದ ಕಂಪನಿ ಕೆಲಸ ಬಿಟ್ಟುಬಂದ ಕನ್ನಡದ ಹುಡುಗಿಯೊಬ್ಬಳು ಅದನ್ನು ನಡೆಸುತ್ತಿದ್ದಳು. ಮೆಟ್ರೊ ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಬಸ್ಸಿನ ಮೇಲೆ ಬಸ್ಸು ಹತ್ತಿ ಹೋಗುತ್ತಿದ್ದೆ.

ಸರ್ವೆ

ಮೊದಲ ಕೆಲಸ, ಮನೆಮನೆಗೆ ಹೋಗಿ ಫಾರಂ ತುಂಬುವುದು. ಮೊದಲ ಮನೆಯ ಹೊಸ್ತಿಲಲ್ಲಿ, ಗಲ್ಲಿಯವರೆಲ್ಲ ಚಾಚಿ (ಚಿಕ್ಕಮ್ಮ) ಎಂದು ಕರೆಯುವ ಹೆಂಗಸು ಕೂತಿದ್ದಳು. ಪಕ್ಕದಲ್ಲಿ ಬೋಲ್ಟುಗಳ ರಾಶಿ. ಒಂದೊಂದಕ್ಕೂ ವಾಷರ್ ತೊಡಿಸಿ ಚೀಲಕ್ಕೆ ಹಾಕುತ್ತಿದ್ದಳು.

"ನೀವು ಏನು ಕೆಲಸ ಮಾಡ್ತೀರಿ?"

"ಕುಛ್ ನಹೀ" ಎಂದಳು, ಕೈ ನಿಲ್ಲಿಸದೆ.

ನಾನೂ 'ಏನೂ ಇಲ್ಲ' ಎಂದು ಬರೆದುಕೊಂಡೆ. ಅಷ್ಟರಲ್ಲಿ ಅವಳೇ ಕೇಳಿದಳು, "ನೀವೇನು ಮಾಡ್ತೀರಿ ಬಾಬೂಜಿ?"

"ಏನು ಕೆಲಸ ಮಾಡ್ತೀರಿ ಅಂತ ಎಲ್ಲರನ್ನೂ ಕೇಳ್ತೀನಿ."

"ಅಚ್ಛಾ!" ಎಂದು ನನ್ನ ಫಾರಮ್ಮಿನತ್ತ ಬೆರಳು ತೋರಿಸಿದಳು. "ಹಾಗಾದ್ರೆ ನಿಮ್ಮದೂ ಅದರಲ್ಲೇ ಬರ್ಕೊಳ್ಳಿ. ಕುಛ್ ನಹೀ."

ರಜೆ ಅರ್ಜಿ

ಆ ಚಾಚಿಯೇ ನಮ್ಮ ಮೊದಲ ವಿದ್ಯಾರ್ಥಿನಿ. ಅವಳ ಹಿಂದೆ ಇಡೀ ಗಲ್ಲಿಯೇ ಬಂತು. ಆದರೆ ಯಾರು ಯಾವತ್ತು ಬರುತ್ತಾರೋ ಗೊತ್ತಾಗುತ್ತಿರಲಿಲ್ಲ. ಮೂವತ್ತು ವರ್ಷ ಕಡತದ ಜೊತೆ ಬಾಳಿದ ಜೀವ ನನ್ನದು, ಸುಮ್ಮನಿರಲಾಗಲಿಲ್ಲ. ರಜೆ ಬೇಕಾದವರು ಮುಂಚಿತವಾಗಿ ಲಿಖಿತ ಅರ್ಜಿ ಕೊಡತಕ್ಕದ್ದು ಎಂದು ಗೋಡೆಗೆ ಅಂಟಿಸಿದೆ. ಎಲ್ಲರಿಗೂ ಓದಿಯೂ ಹೇಳಿದೆ.

ಮಾರನೆಯ ದಿನ ಕೇಂದ್ರ ಖಾಲಿ. ಕುತೂಹಲ ತಡೆಯದೆ ಗಲ್ಲಿಗೆ ಹೋಗಿ ನೋಡಿದೆ. ಅಲ್ಲಿ ಬರೆಯಲು ಬರುತ್ತಿದ್ದದ್ದು ಒಂದು ಮನೆಯ ಸೊಸೆಗೆ ಮಾತ್ರ. ಅವಳ ಮನೆ ಮುಂದೆ ಉದ್ದದ ಸಾಲು.

"ಏನು ಚಾಚಿ ಇದು?"

"ಮುಂದೆ ಯಾವತ್ತಾದ್ರೂ ಬೇಕಾಗುತ್ತಲ್ಲ ಬಾಬೂಜಿ, ಅರ್ಜಿ ಬರೆಸ್ಕೊಳ್ತಿದ್ದೀವಿ. ಅದಕ್ಕೇ ಇವತ್ತು ರಜೆ."

ಅತಿಥಿಗಳು

ಕೇಂದ್ರಕ್ಕೆ ನೆರವು ಕೊಡುತ್ತಿದ್ದ ಕಂಪನಿಯಿಂದ ಒಬ್ಬ ಅಧಿಕಾರಿ ನೋಡಲು ಬರುವವರಿದ್ದರು. ಮೆಚ್ಚಿದರೆ ಇನ್ನೊಂದು ವರ್ಷ, ಇಲ್ಲದಿದ್ದರೆ ಬಾಗಿಲು ಮುಚ್ಚಬೇಕು. ಹುಡುಗಿ ಮೂರು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಅವಳ ಮುಖ ನೋಡಿ ನನಗೂ ಸಂಕಟ.

ಅವರು ಬರುವ ದಿನ ಬೆಳಿಗ್ಗೆ ನೋಡಿದರೆ ಒಬ್ಬಳೂ ಇಲ್ಲ! ಹತ್ತಿರದ ಸಿದ್ಧ ಉಡುಪಿನ ಫ್ಯಾಕ್ಟರಿಯವರು ಹಿಂದಿನ ದಿನ ಸಂಜೆ ಗಲ್ಲಿಗೇ ಬಂದು, ಹೊಲಿಗೆ ನೋಡಿ, ಎಲ್ಲರನ್ನೂ ಕೆಲಸಕ್ಕೆ ತೆಗೆದುಕೊಂಡಿದ್ದರು. ಅಷ್ಟರಲ್ಲಿ ಹೊರಗೆ ಕಾರು ನಿಂತಿತು.

"ಅಂಕಲ್, ಖಾಲಿ ಕೋಣೆ ತೋರಿಸೋದು ಹೇಗೆ? ಚಲೋ, ನಾವೇ ಕೂತ್ಕೊಳ್ಳೋಣ!" ಎಂದಳು ಹುಡುಗಿ.

ಅವಳು, ಹೊಲಿಗೆ ಕಲಿಸುವ ಟೀಚರು, ನಾನು, ಮೂವರೂ ಮಷಿನ್‌ಗಳ ಮುಂದೆ ಕೂತೆವು. ನಾನು ದಾರವಿಲ್ಲದ ಸೂಜಿಯ ಕೆಳಗೆ ನನ್ನ ಕರವಸ್ತ್ರವನ್ನೇ ಇಟ್ಟು ಪೆಡಲ್ ತುಳಿಯತೊಡಗಿದೆ. ಜೀವಮಾನದಲ್ಲಿ ಸುಳ್ಳು ಹಾಜರಿ ಹಾಕದವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅಧಿಕಾರಿ ನನ್ನ ಬಳಿಯೇ ನಿಂತರು. "ಎಷ್ಟು ದಿನದಿಂದ ಕಲೀತಿದ್ದೀರಿ?"

ನಾನು ಇನ್ನೂ ಜೋರಾಗಿ ಪೆಡಲ್ ತುಳಿಯುತ್ತಿರುವಾಗಲೇ ಚಾಚಿ ಒಳಗೆ ಬಂದಳು. ಕೊರಳಲ್ಲಿ ಫ್ಯಾಕ್ಟರಿಯ ಗುರುತಿನ ಚೀಟಿ. ಬೆಳಗಿನ ಚಹಾ ಬಿಡುವಿನಲ್ಲಿ ಅದನ್ನು ನಮಗೆ ತೋರಿಸಲೆಂದೇ ಓಡಿಬಂದಿದ್ದಳು. ಒಮ್ಮೆ ನಮ್ಮನ್ನು, ಒಮ್ಮೆ ಅಧಿಕಾರಿಯನ್ನು ನೋಡಿದಳು.

"ಸಾಬ್, ಇವರು ಕಲಿಸಿದ್ದಕ್ಕೇ ನಮಗೆಲ್ಲ ಕೆಲಸ ಸಿಕ್ತು. ಪಾಪ, ಇವರಿಗೇ ಈಗ ಕೆಲಸ ಇಲ್ಲ. ಏನಾದ್ರೂ ಮಾಡಿ."

ಅಧಿಕಾರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇನ್ನೊಂದು ವರ್ಷ ನಡೆಸಿ ಎಂದು ಅಲ್ಲೇ ಹೇಳಿಬಿಟ್ಟರು. ಹುಡುಗಿ ಚಾಚಿಯನ್ನು ತಬ್ಬಿಕೊಂಡು ಅತ್ತಳು.

ಹೊರಡುವ ಮುಂಚೆ ಚಾಚಿ ನನ್ನ ಕರವಸ್ತ್ರ ಎತ್ತಿ, ತೂತುಗಳನ್ನು ಬೆಳಕಿಗೆ ಹಿಡಿದು ನೋಡಿದಳು. "ಹೊಲಿಗೆ ನಿಮ್ಮ ಕೈಲಾಗಲ್ಲ ಬಾಬೂಜಿ. ನಮ್ಮ ಫ್ಯಾಕ್ಟರಿಲಿ ಹಾಜರಿ ಬರೆಯೋರು ಬೇಕಂತೆ, ನಾನು ಹೇಳಿ ನೋಡ್ತೀನಿ" ಎಂದಳು. ಬಾಗಿಲ ತನಕ ಹೋದವಳು ತಿರುಗಿ ನಿಂತಳು.

"ಆದ್ರೆ ಅಲ್ಲಿ ರಜೆ ಬೇಕಂದ್ರೆ ಅರ್ಜಿ ಕೊಡ್ಬೇಕು. ನಿಮಗೆ ಬರೆಯೋಕೆ ಬರುತ್ತೆ ತಾನೇ?"