ಆಡಬಾರದ ಮಾತಿನ ಡಂಗುರ

ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ಸುರಪುರದಲ್ಲಿ ‘ಪತ್ರಿಕಾ ದ್ವೇಷ ನಿಗಾ ದಫ್ತರ’ವನ್ನು ತೆರೆಯಲಾಯಿತು. ಅಲ್ಪಸಂಖ್ಯಾತರ ಮೇಲೆ ಯಾವ ಪತ್ರಿಕೆಯೂ ವಿಷ ಕಾರಬಾರದೆಂಬುದು ಅದರ ಉದ್ದೇಶ. ಉದ್ದೇಶಗಳಿಗೆ ನಮ್ಮಲ್ಲಿ ಎಂದೂ ಬರವಿಲ್ಲ.

ಪಾತ್ರೆಗಳಿಗೆ ತವರದ ಕಲಾಯಿ ಹಾಕುವ ಲಾಡ್ಲೇಸಾಬನಿಗೆ ಈ ದಫ್ತರ ಇರುವುದೇ ಗೊತ್ತಿರಲಿಲ್ಲ. ಗಲಭೆಯ ದಿನಗಳನ್ನು ಹೇಗೋ ದಾಟಿ ಬಂದು ಮತ್ತೆ ತಿದಿ ಒತ್ತುತ್ತ ಕೂತಿದ್ದ. ಹೆಂಗಸರು ಮೊದಲಿನಂತೆ ತಾಮ್ರದ ಕೊಡ ತರತೊಡಗಿದ್ದರು, ಮನೆಯಲ್ಲಿ ಒಲೆ ಉರಿಯುತ್ತಿತ್ತು. ಅವನಿಗೆ ಬೇಕಾದದ್ದೂ ಅಷ್ಟೇ.

ಒಂದು ದಿನ ದಫ್ತರದಿಂದ ಕರೆ ಬಂತು. ಅಧಿಕಾರಿ ಬಸವಂತರಾಯರು ಅವನನ್ನು ಎದುರು ಕೂಡಿಸಿಕೊಂಡು ಒಂದು ವಾರಪತ್ರಿಕೆಯಿಂದ ಗಂಭೀರವಾಗಿ ಓದಿದರು: “ಕಲಾಯಿ ಹಾಕುವ ಸಾಬರು ತವರದಲ್ಲಿ ವಿಷ ಬೆರೆಸುತ್ತಾರೆ, ಎಚ್ಚರ.”

“ನೋವಾತೇನಪಾ?”

“ಆತ್ರಿ. ಆದ್ರ ಇದನ್ನ ಯಾರು ಓದ್ಯಾರ್ರಿ?”

“ನಾವು ಓದೀವಿ. ಸುರಪುರಕ್ಕ ಬರೋದು ಇದೊಂದೇ ಪ್ರತಿ, ಅದೂ ನಮ್ಮ ದಫ್ತರಕ್ಕ.”

ಲಾಡ್ಲೇಸಾಬನಿಗೆ ಹೋದ ಜೀವ ಬಂದಂತಾಯಿತು. “ಹಂಗಾದ್ರ ಒಲಿಗೆ ಹಾಕಿಬಿಡ್ರಿ ಸಾಹೇಬ್ರ. ನಾನೂ ಮರೀತೀನಿ.”

ರಾಯರು ಕನಿಕರದಿಂದ ನಕ್ಕರು. ದ್ವೇಷದ ಮಾತೆಂದು ತೀರ್ಮಾನವಾದದ್ದನ್ನು ಪ್ರಜೆಗಳು ಆಡಕೂಡದು. ಆಡಬಾರದ ಮಾತು ಯಾವುದೆಂದು ಪ್ರಜೆಗಳಿಗೆ ತಿಳಿದಿರಬೇಕು. ತಿಳಿಯಬೇಕೆಂದರೆ ಡಂಗುರ ಹೊಡೆಸಬೇಕು. ಈ ನಿಯಮದಲ್ಲಿ ತಪ್ಪು ಹುಡುಕುವುದು ಬ್ರಹ್ಮನಿಂದಲೂ ಆಗದು.

ಮರುದಿನ ಹಲಗೆ ಬಾರಿಸುವ ಅಮಾತೆಪ್ಪ ಓಣಿ ಓಣಿ ತಿರುಗಿದ. “ಕೇಳ್ರಪ್ಪೋ ಕೇಳ್ರಿ. ಲಾಡ್ಲೇಸಾಬ ಕಲಾಯಿಯೊಳಗ ವಿಷ ಹಾಕ್ತಾನ ಅಂತ ಯಾರೂ ಅನಬಾರ್ದು. ಅಂದವ್ರಿಗೆ ಸಜಾ ಆಗ್ತದ.” ಪತ್ರಿಕೆಯಲ್ಲಿ ಹೆಸರಿರಲಿಲ್ಲ. ಜನಕ್ಕೆ ಗೊಂದಲವಾಗದಿರಲೆಂದು ದಫ್ತರವೇ ಸೇರಿಸಿತ್ತು.

ಹುಕುಂ ಪಾಲಿಸುವುದರಲ್ಲಿ ಊರವರು ಹಿಂದೆ ಬೀಳಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಬಾಯಿ ಮುಚ್ಚಿಕೊಂಡು ಬಂದರು, ತಂತಮ್ಮ ಪಾತ್ರೆ ಎತ್ತಿಕೊಂಡು ಹೋದರು.

ಲಾಡ್ಲೇಸಾಬ ದಫ್ತರಕ್ಕೆ ಓಡಿದ. “ಹಾದಿಲಿ ಹೊಂಟ ಮಾರಿನ ಮನಿಗೆ ಕರದಂಗಾತ್ರಿ. ಅದು ಸುಳ್ಳದ ಅಂತರೆ ಸಾರಸ್ರಿ.”

“ಖರೇ-ಸುಳ್ಳು ನಮ್ಮ ದಫ್ತರಕ್ಕ ಬರಂಗಿಲ್ಲ. ದ್ವೇಷ ಅಷ್ಟೇ ನಮ್ದು.”

“ನಿಮ್ಮ ಮನಿ ಹಂಡೆ ಇನ್ನೂ ನನ್ನ ಹಂತೇಲಿ ಅದ್ರಿ. ಅದಕ್ಕರೆ ಕಲಾಯಿ ಹಾಕ್ಲೇನ್ರಿ?”

ರಾಯರು ಕಿಟಕಿಯ ಕಡೆ ನೋಡಿದರು. “ಹಂಗೇ ಕಳಸು. ಶಹಾಪುರದಾಗ ಹಾಕಸ್ತೀವಿ. ನಾ ಏನೂ ಅಂದಿಲ್ಲ ಮತ್ತ.”

ಲಾಡ್ಲೇಸಾಬನಿಗೆ ಅಳು ಬಂತು. ಅಳಲು ನಿಯಮದ ಅಡ್ಡಿಯಿರಲಿಲ್ಲ, ಅತ್ತ.

ಹಾಗೆಂದು ದಫ್ತರ ನಿರ್ದಯಿಯಲ್ಲ. ದ್ವೇಷದಿಂದ ಕಸುಬು ಕಳೆದುಕೊಂಡವರಿಗೆ ದಫ್ತರದಲ್ಲೇ ಕೆಲಸ ಕೊಡಬೇಕೆಂಬ ನಿಯಮವೂ ಇತ್ತು. ಹಳ್ಳಿಗಳ ಡಂಗುರಕ್ಕೆ ಕೂಗುವವನೊಬ್ಬ ಬೇಕಾಗಿದ್ದ. ಕೂಗಿ ಕೂಗಿ ಅಮಾತೆಪ್ಪನ ಗಂಟಲು ಕಟ್ಟಿತ್ತು. ಲಾಡ್ಲೇಸಾಬ ಆಗುವುದಿಲ್ಲವೆಂದು ಮನೆಗೆ ಬಂದ. ಹೆಂಡತಿ ಅನ್ವರಬಿ ಖಾಲಿ ಗಡಿಗೆ ತೋರಿಸಿ, “ಹೊಟ್ಟಿಗೆ ನಾಚಿಕಿ ಇಲ್ರಿ, ಹೋಗ್ರಿ” ಎಂದಳು. ಹೋದ.

ಹಳ್ಳಿ ಹಳ್ಳಿಯಲ್ಲಿ ಅಮಾತೆಪ್ಪ ಹಲಗೆ ಬಾರಿಸಿದ, ಲಾಡ್ಲೇಸಾಬ ಅದೇ ಹುಕುಂ ಕೂಗಿದ. ಅವನ ಧ್ವನಿ ಚೆನ್ನಾಗಿತ್ತು, ಒಂದಕ್ಷರವೂ ತಪ್ಪುತ್ತಿರಲಿಲ್ಲ. ತಾಲೂಕಿನಲ್ಲಿ ದ್ವೇಷದ ಮಾತಾಡುವವರು ಒಬ್ಬರೂ ಉಳಿದಿಲ್ಲವೆಂದು ರಾಯರು ಮೇಲಕ್ಕೆ ಬರೆದರು, ಅವರಿಗೆ ಬಡ್ತಿಯಾಯಿತು.

ಮದುವೆಯಾಗಿ ಬಂದಾಗಿನಿಂದ ಇವನ ಹತ್ತಿರವೇ ಕಲಾಯಿ ಹಾಕಿಸಿದ ಮಾಳಮ್ಮ ತನ್ನ ಹಳ್ಳಿಯ ಕಟ್ಟೆಯ ಮೇಲೆ ಕೂತು ಡಂಗುರ ಕೇಳಿದಳು. ಪಕ್ಕದ ರೇಣಮ್ಮ, “ಸುಳ್ಳಿರಬೇಕು ಬಿಡವ್ವ. ಭಾಳ ಛಲೋ ಮನಷ್ಯಾ ಅಂವ” ಎಂದಳು.

“ಸುಳ್ಳ್ಯಾಕಾಗ್ತದ? ಖುದ್ದು ಅವನೇ ಊರೂರು ತಿರುಗಿ ಹೇಳಾಕತ್ತಾನ.”

ರೇಣಮ್ಮನಿಗೂ ಅದು ಹೌದೆನಿಸಿತು. ಆಮೇಲೆ ಹುಕುಂ ನೆನಪಾಗಿ ಇಬ್ಬರೂ ಸುಮ್ಮನಾದರು.