ಸೋಲು ಯಾರ ಹೆಸರಿಗೆ?

ನಮ್ಮ ಭಾವ ಜನ್ಮದಲ್ಲಿ ಬೇಸ್‌ಬಾಲ್ ಬ್ಯಾಟು ಮುಟ್ಟಿದವರಲ್ಲ. ಆದರೂ ಆ ಆಟದ ಅನ್ಯಾಯ ನೆನೆದು ಇಷ್ಟು ಸಂಕಟಪಡುವ ಉಡುಪಿಯವರು ಇಡೀ ಮಲೇಷ್ಯಾದಲ್ಲಿ ಇನ್ನೊಬ್ಬರಿಲ್ಲ, ಬೇಕಾದರೆ ಪಣ ಕಟ್ಟುತ್ತೇನೆ!

ಭಾವ ಮೆಲಾಕಾದಲ್ಲಿ ಸರ್ಜನ್. ರಜೆಯ ಬೆಳಿಗ್ಗೆ ಟೀವಿಯಲ್ಲಿ ಅಮೆರಿಕದ ಪಂದ್ಯ. ನಾನಿರುವ ಕ್ಲಾಂಗ್‌ನಿಂದ ಅಕ್ಕನ ಮನೆಗೆ ಹೋದಾಗೆಲ್ಲ ನಾನು ಸಿಕ್ಕಿಬೀಳುತ್ತೇನೆ.

"ನೋಡು ಮಾರಾಯ, ಚೆಂಡೆಸೆಯುವ ಈ ಪಿಚರ್ ಕೊಟ್ಟದ್ದು ಒಂದೇ ರನ್. ಅವನ ಕಡೆಯವರು ಒಂದೂ ಹೊಡೀಲಿಲ್ಲ. ದಾಖಲೆಯಲ್ಲಿ ಸೋಲು ಯಾರ ಹೆಸರಿಗೆ? ಇವನ ಹೆಸರಿಗೆ! ನ್ಯಾಯವಾ?"

ನನಗೂ ಕುತೂಹಲ. "ಹಾಗಾದ್ರೆ ಗೆಲುವೂ ಅವನೊಬ್ಬನದಲ್ಲ ಅಲ್ವಾ ಭಾವ?"

ಭಾವ ದೋಸೆ ಕೈಯಲ್ಲೇ ಹಿಡಿದು ಯೋಚಿಸಿದರು. "ಗೆಲುವಿನದ್ದು ಬೇರೆ ವಿಷಯ!"

ಈ ನ್ಯಾಯ ಅಡುಗೆಮನೆಗೂ ಬಂತು. ಬೇಳೆ ಬೇಯದೆ ಸಾಂಬಾರು ಕೆಟ್ಟ ದಿನ, "ನಿನ್ನ ಎಸೆತ ಸರಿ ಇತ್ತು, ಬೇಳೆ ಕ್ಯಾಚ್ ಬಿಟ್ಟಿತು" ಎಂದು ಸಮಾಧಾನ ಹೇಳಿದರು. ಅಕ್ಕ ಸೌಟು ತೋರಿಸಿ, "ಹೋಗಿ ಹೋಟೆಲಿಂದ ಊಟ ತಪಾವ್ ಕಟ್ಟಿಸ್ಕೊಂಡು ಬನ್ನಿ" ಎಂದಳು.

ಅಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅವರ ಮಗಳು ಶಾಲೆಯ ಸಾಫ್ಟ್‌ಬಾಲ್ ತಂಡದ ಪಿಚರ್. ಐದು ಪಂದ್ಯ, ಐದೂ ಸೋಲು! ಅವಳನ್ನು ತಂಡದಿಂದ ತೆಗೆಯುತ್ತಾರೆಂಬ ಸುದ್ದಿ ಬಂದದ್ದೇ ತಡ, ಭಾವ ತಾವು ಪ್ರತಿ ಎಸೆತ ಬರೆದಿಟ್ಟಿದ್ದ ನೋಟ್‌ಬುಕ್ ಹಿಡಿದು ಹೊರಟರು. ಕೋಚ್ ಟೀಚರನ್ನು ಮಾಮಕ್ ಚಹಾದಂಗಡಿಯಲ್ಲಿ ಕೂರಿಸಿ, ಚಹಾ ಲೋಟಗಳನ್ನೇ ಆಟಗಾರ್ತಿಯರನ್ನಾಗಿ ನಿಲ್ಲಿಸಿ, ಯಾವ ಲೋಟ ಯಾವ ಕ್ಯಾಚ್ ಬಿಟ್ಟಿತೆಂದು ಗಂಟೆಗಟ್ಟಲೆ ವಿವರಿಸಿದರು.

"ಡಾಕ್ಟರ್, ಲೂಸ್ ಮೀನ್ಸ್ ಲೂಸ್ ಲಾ!" ಸೋಲೆಂದರೆ ಸೋಲೇ ಎಂದು ಮಲೇಷ್ಯಾದ ಧಾಟಿಯಲ್ಲಿ ಹೇಳಿದರಂತೆ ಟೀಚರ್. ಆದರೂ ಭಾನುವಾರದ ಪಂದ್ಯಕ್ಕೆ ಅವಕಾಶ ಕೊಟ್ಟರು.

ಆ ಭಾನುವಾರವೇ ಭಾವನಿಗೆ ಆಸ್ಪತ್ರೆಯಿಂದ ತುರ್ತು ಕರೆ. ನಾನೂ ಅಕ್ಕನೂ ಪಂದ್ಯಕ್ಕೆ ಹೋದೆವು. ಒಂದು ರನ್ನಿನಿಂದ ಮತ್ತೆ ಸೋಲು! ಆದರೆ ಟೀಚರ್ ಅವಳ ಬೆನ್ನು ತಟ್ಟಿ, "ಯು ಸ್ಟೇ ಲಾ" ಎಂದು ತಂಡದಲ್ಲೇ ಉಳಿಸಿಕೊಂಡರು. ಸಿಹಿಸುದ್ದಿ ಹೊತ್ತು ಮೂವರೂ ಮನೆಗೆ ಓಡಿ ಬಂದೆವು.

ಭಾವ ಶೂ ಕೂಡ ಬಿಚ್ಚದೆ ಜಗಲಿಯಲ್ಲಿ ಕೂತಿದ್ದರು. ಆಪರೇಷನ್ ಮಾಡಿದ ರೋಗಿ ಉಳಿದಿರಲಿಲ್ಲ.

"ರೋಗಿಯನ್ನ ತಂದದ್ದೇ ತಡವಾಗಿ ಅಂತ ಕರೆ ಬಂದಾಗ್ಲೇ ಆಸ್ಪತ್ರೆಯವರು ಹೇಳಿದ್ರಲ್ಲ," ಎಂದಳು ಅಕ್ಕ.

"ಕೈ ಹಾಕಿದ್ದು ನಾನು. ನನ್ನ ಹೆಸರಿಗೇ."

ಅಮೆರಿಕದ ಗುರುತಿಲ್ಲದ ಪಿಚರ್‌ಗಳ ಪರವಾಗಿಯೂ ವಾದಿಸಿದ ಮನುಷ್ಯ!

ಮಗಳು ಪಕ್ಕದಲ್ಲಿ ಕೂತಳು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಅಂದು ಒಂದೊಂದೇ ಕನ್ನಡ ಪದ ಹುಡುಕಿ ಹೇಳಿದಳು:

"ಅಪ್ಪಾ... ನೀವು... ಚೆನ್ನಾಗಿ ಎಸೆದ್ರಿ."