ಹಿಂದಿನ ಮೂಲೆಯ ಮಣ್ಣು

ಗಂಡ: ಮಣ್ಣು ಅಂದ್ರೆ ಸುಮ್ನೆ ಅಂದ್ಕೋಬೇಡ ಕಣೇ. ಅದು ತಗಡಿಗೆ ಹೊದಿಕೆ ಇದ್ದ ಹಾಗೆ. ಮಣ್ಣಿದ್ದ ಕಡೆ ತುಕ್ಕು ಹಿಡಿಯಲ್ಲ.

ಹೆಂಡತಿ: ಹಾಗಾದ್ರೆ ನಾಳೆಯಿಂದ ನೀವೂ ಸ್ನಾನ ಬಿಟ್ಬಿಡಿ. ನೂರು ವರ್ಷ ಬಾಳ್ತೀರಿ.

ಗಂಡ: ಇದು ದುಡಿಯೋ ಗಾಡಿ. ದುಡಿಯೋ ಗಾಡಿಗೆ ಸಿಂಗಾರ ಯಾಕೆ ಅಂತೀನಿ.

ಹೆಂಡತಿ: ಸಿಂಗಾರ ಯಾರ್ರೀ ಕೇಳಿದ್ರು? ಇದರ ಬಣ್ಣ ಯಾವುದು ಅಂತ ಗೊತ್ತಾದ್ರೆ ಸಾಕಾಗಿದೆ ನನಗೆ.

ಗಾಡಿ ತೊಳೆಯುವ ಶೆಡ್ಡಿನ ಬಾಗಿಲಲ್ಲಿ ಈ ಮಾತು ನಡೆಯುತ್ತಿತ್ತು. ಇಬ್ಬರ ನಡುವೆ ಅವರ ಪಿಕಪ್ಪು ಯಾರ ಪರವನ್ನೂ ವಹಿಸದೆ, ಮೈತುಂಬ ಮಣ್ಣು ಹೊದ್ದು ನಿಂತಿತ್ತು. ಹನ್ನೊಂದು ವರ್ಷದ ಕೆಸರು, ಹಕ್ಕಿ ಹಿಕ್ಕೆ, ಟಾರಿನ ಚುಕ್ಕೆ. ಬಂಪರಿನ ಸಂದಿಯಲ್ಲಿ ಒಂದು ಹಿಡಿ ಹುಲ್ಲು ಬೇರುಬಿಟ್ಟು ಹೂವನ್ನೂ ಬಿಟ್ಟಿತ್ತು. ಗಂಡನ ಗಡ್ಡವೂ ಹೆಚ್ಚುಕಡಿಮೆ ಗಾಡಿಯಷ್ಟೇ ಕಾಲದಿಂದ ಯಾರ ಕೈಗೂ ಸಿಕ್ಕದೆ ಎದೆಯವರೆಗೆ ಇಳಿದಿತ್ತು.

ಹೆಂಡತಿ ಹಿತ್ತಿಲಲ್ಲಿ ಸಸಿ ಬೆಳೆಸಿ ಮಾರುವವಳು. ಶಾಲೆಯೊಂದು ನಾಳೆಗೆ ಇನ್ನೂರು ಸಸಿ ಕೇಳಿತ್ತು. ಆದರೆ ಅಲ್ಲಿನ ಹೆಡ್‌ಮೇಡಂ ಗಾಡಿಯನ್ನು ಒಮ್ಮೆ ನೋಡಿ, ಇದು ಹೋದಲ್ಲೆಲ್ಲ ಹೆಂಟೆ ಉದುರಿಸುತ್ತದೆ, ತೊಳೆದು ತಂದರೆ ಒಳಗೆ, ಇಲ್ಲವಾದರೆ ಗೇಟಿನಾಚೆಯೇ ಎಂದುಬಿಟ್ಟಿದ್ದರು. ಗಂಡ ಶೆಡ್ಡಿನವರೆಗೆ ಬಂದದ್ದು ಆ ಒಂದು ಮಾತಿನಿಂದ.

ಹೆಂಡತಿ: ತೊಳೆದಾದ್ಮೇಲೆ ಕೀ ನನ್ನ ಕೈಗೆ ಕೊಡಿ. ನಾಳೆ ನಾನೇ ಓಡಿಸ್ಕೊಂಡು ಹೋಗ್ತೀನಿ.

ಗಂಡ ಸೊಂಟದ ಬೆಲ್ಟಿಗೆ ಕಟ್ಟಿದ್ದ ಕೀಗೊಂಚಲನ್ನು ಅಂಗೈಯಿಂದ ಮುಚ್ಚಿಕೊಂಡ.

ಗಂಡ: ಕೀನಾ? ಹಿಂದಿನ ಎಡಗಡೆ ಮೂಲೇಲಿ ಒಂದು ತಗ್ಗಿದೆಯಲ್ಲ, ಹೋಗಿ ಅದನ್ನ ಕೇಳು. ಅದು ಕೊಡು ಅಂದ್ರೆ ಕೊಡ್ತೀನಿ.

ಹೆಂಡತಿ: ಹನ್ನೊಂದು ವರ್ಷದಿಂದ ಅದೇ ತಗ್ಗು! ಒಂದೇ ಒಂದು ದಿನ ಮನೆ ಹತ್ರ ಗಾಡಿ ಹಿಂದಕ್ಕೆ ತಗೊಂಡೆ. ಧಡ್ ಅಂತು. ಗೋಡೆಗೆ ತಾಗಿತೇನೋ ಅಂತ ನಾನೇ ಓಡಿ ಬಂದು ನಿಮಗೆ ಹೇಳ್ದೆ.

ಗಂಡ: ಹೇಳ್ದೆ ತಾನೆ? ಒಪ್ಕೊಂಡ ಮೇಲೆ ಮುಗೀತು.

ಹೆಂಡತಿ: ಒಂದು ಸಸಿ ಸಾಗಿಸ್ಬೇಕಾದ್ರೂ ನಿಮ್ಮ ನಿದ್ದೆ ಮುಗಿಯೋವರೆಗೆ ಕಾಯ್ಬೇಕು. ಗಿಡಗಳೆಲ್ಲ ಬುಟ್ಟಿಯಲ್ಲೇ ಮರ ಆಗ್ತಾ ಇವೆ.

ಅಷ್ಟರಲ್ಲಿ ಶೆಡ್ಡಿನಲ್ಲಿ ಗಾಡಿ ತೊಳೆದು ಹೊಳಪು ಕೊಡುವ ಪಾಲಿಶ್‌ನವ ಬಂದ. ಎರಡು ಬಕೆಟ್ಟು ಕೆಳಗಿಟ್ಟು, ರಟ್ಟಿಗೆ ಸಿಕ್ಕಿಸಿದ ಒಂದು ಕಾಗದ ತೆಗೆದ. ಹಿಂದೊಮ್ಮೆ ಯಾರೋ ಹಳೇ ಗೀರೊಂದನ್ನು ಇವನ ತಲೆಗೆ ಕಟ್ಟಿ ಹೋಗಿದ್ದರು. ಅಂದಿನಿಂದ ಇವನದೊಂದು ಪದ್ಧತಿ: ಗಾಡಿಯ ಸುತ್ತ ತಿರುಗಿ, ಗೀರು, ತಗ್ಗು ಎಲ್ಲವನ್ನೂ ಬರೆದುಕೊಂಡು, ಯಾರಿಂದ ಆಯಿತೆಂಬುದನ್ನೂ ಕೇಳಿ ಸಹಿ ಹಾಕಿಸಿಕೊಂಡ ಮೇಲೆಯೇ ನೀರು ಮುಟ್ಟುವುದು.

ಪಾಲಿಶ್‌ನವ: ಯಜಮಾನ್ರೇ, ಗಾಡಿ ಬಣ್ಣ?

ಗಂಡ: ಬೂದಿ.

ಹೆಂಡತಿ: ನೀಲಿ.

ಪಾಲಿಶ್‌ನವ: ಸದ್ಯಕ್ಕೆ ಮಣ್ಣು ಅಂತ ಬರ್ಕೋತೀನಿ. ಮುಂದಿನ ಬಾನೆಟ್ಟಿನ ಮೇಲೆ ಮಣ್ಣಿನಡಿ ಉದ್ದದೊಂದು ಗೀರು ಕೈಗೆ ಸಿಗುತ್ತೆ. ಯಾರಿಂದ?

ಗಂಡ: ಹೆಂಡತಿ.

ಪಾಲಿಶ್‌ನವ: ಬಾಗಿಲ ಮೇಲಿಂದು?

ಗಂಡ: ಹೆಂಡತಿ. ಬಳೆ ತಾಗಿ ಆಗಿದ್ದು.

ಹೆಂಡತಿ: ನಾನು ಬಳೆ ತೆಗೆದಿಟ್ಟು ಎಷ್ಟು ವರ್ಷ ಆಯ್ತು! ದಿನಾ ಮಣ್ಣಲ್ಲಿ ಕೈಯಾಡಿಸೋಳಿಗೆ ಬಳೆ ಎಲ್ಲಿಂದ ಬಂತು?

ಪಾಲಿಶ್‌ನವ: ಟಾಪಿನ ಮೇಲೆ ನಾಲ್ಕು ಗೀರು. ಇದು ಹಕ್ಕಿ ಉಗುರಿನ ಹಾಗಿದೆ.

ಗಂಡ: ಹಕ್ಕಿಗೆ ಕಾಳು ಹಾಕಿ ಕರೆದವರು ಯಾರು? ಬರಿ, ಹೆಂಡತಿ.

ಪಾಲಿಶ್‌ನವ: ಯಜಮಾನ್ರೇ, ಕಾಗದದಲ್ಲಿ ಜಾಗ ಕಮ್ಮಿ ಇದೆ.

ಗಂಡ: ಮೇಲೆ ಒಂದು ಸಲ ಹೆಂಡತಿ ಅಂತ ಬರೆದು ಕೆಳಗಿನವರೆಗೆ ಗೀಟು ಎಳೆದುಬಿಡು.

ಅವನು ಹಾಗೆಯೇ ಎಳೆದು ಗಂಡನ ಸಹಿ ಹಾಕಿಸಿಕೊಂಡ. ಆಮೇಲೆ ಪೈಪು ಹಿಡಿದು ನೀರು ಬಿಟ್ಟ. ಮೊದಲು ಕಂದು ನೀರು ಇಳಿಯಿತು, ಬಳಿಕ ಕಪ್ಪು ನೀರು, ಕೊನೆಗೆ ನೊರೆಯ ಸಂದಿಯಿಂದ ಎಳೇ ಬಾಳೆಲೆಯಂಥ ಹಸಿರು ಇಣುಕಿತು.

ಹೆಂಡತಿ: ಅಯ್ಯೋ! ಹಸಿರು ರೀ!

ಗಂಡ: ನಾನು ಅದನ್ನೇ ಅಂದಿದ್ದು.

ಹೆಂಡತಿ: ನೀವು ಬೂದಿ ಅಂದ್ರಿ.

ಗಂಡ: ಹಸಿರು ಬೂದಿ.

ಪಾಲಿಶ್‌ನವ ಮೆತ್ತನೆಯ ಜೇಡಿಯಂಥ ಒಂದು ಉಂಡೆಯನ್ನು ಸೋಪುನೀರಲ್ಲಿ ಅದ್ದಿ ಬಾಗಿಲ ಮೇಲೆ ಆಡಿಸಿದ. ಕಣ್ಣಿಗೆ ಕಾಣದೆ ಅಂಟಿಕೊಂಡಿದ್ದ ದೂಳೆಲ್ಲ ಉಂಡೆಗೆ ಬಂದು, ತಗಡು ಗಾಜಿನಂತೆ ನುಣುಪಾಯಿತು. ಹೆಂಡತಿ ಅದರಲ್ಲಿ ಮುಖ ನೋಡಿಕೊಂಡು ತಲೆಗೂದಲು ಸರಿಮಾಡಿಕೊಂಡಳು. ಬಾಗಿಲು, ಬಾನೆಟ್ಟು, ಟಾಪು ಒಂದೊಂದಾಗಿ ಮಿಂಚತೊಡಗಿದವು. ಗಂಡ ಮಾತ್ರ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಹೋಗಿ, ಹಿಂದಿನ ಎಡಮೂಲೆಗೆ ಬೆನ್ನು ಕೊಟ್ಟು ನಿಂತುಬಿಟ್ಟ.

ಪಾಲಿಶ್‌ನವ: ಸ್ವಲ್ಪ ಈ ಕಡೆ ಬನ್ನಿ ಯಜಮಾನ್ರೇ, ಆ ಮೂಲೆ ಒಂದು ಉಳಿದಿದೆ.

ಗಂಡ: ಅದು ಬೇಡ ಬಿಡು. ಅಲ್ಲಿ ಕಣಜದ ಗೂಡಿದೆ.

ಪಾಲಿಶ್‌ನವ ಬಗ್ಗಿ ಕಿವಿಗೊಟ್ಟ.

ಪಾಲಿಶ್‌ನವ: ಸದ್ದೇ ಇಲ್ಲವಲ್ಲ.

ಗಂಡ: ಮಲಗಿವೆ.

ಹೆಂಡತಿ: ಕಣಜ ಇದ್ದಿದ್ರೆ ನಿಮ್ಮ ಗಡ್ಡದಲ್ಲಿ ಗೂಡು ಕಟ್ತಿತ್ತು, ಅಲ್ಲೇನು ಕಟ್ಟುತ್ತೆ? ಸರೀರಿ ಆಚೆ.

ಗಂಡ: ಅದಲ್ಲ ಕಣೇ... ಹಿಂದಿನ ಲೈಟು ಸಡಿಲ ಆಗಿದೆ. ಅದನ್ನ ಹಿಡ್ಕೊಂಡಿರೋದೇ ಈ ಮಣ್ಣು. ಮಣ್ಣು ಹೋದ್ರೆ ಲೈಟು ಹೋಯ್ತು.

ಹೆಂಡತಿ: ಲೈಟಿರೋದು ಬಲಗಡೆ. ಎಡಗಡೆ ಲೈಟು ಬಿದ್ದುಹೋಗಿ ಮೂರು ವರ್ಷ ಆಯ್ತಲ್ರೀ.

ಗಂಡ: ನೋಡಿದ್ಯಾ? ಅಲ್ಲಿ ಮಣ್ಣು ಸಾಲದೇ ಬಿದ್ದಿದ್ದು.

ಹೆಂಡತಿಗೆ ಕನಿಕರ ಬಂತು. ಹೆಂಡತಿ ಮಾಡಿದ ತಗ್ಗು ಪರರ ಕಣ್ಣಿಗೆ ಬಿದ್ದು ಅವಳಿಗೆ ನಾಚಿಕೆಯಾದೀತೆಂದು ಗಂಡ ಮರೆ ಮಾಡುತ್ತಿದ್ದಾನೆಂದು ಅವಳು ತಿಳಿದಳು.

ಹೆಂಡತಿ: ಇರ್ಲಿ ಬಿಡ್ರೀ, ನನ್ನ ಮಾನ ಕಾಪಾಡೋಕೆ ನೀವು ಇಷ್ಟು ಒದ್ದಾಡ್ಬೇಡಿ. ನಾನೇ ಮಾಡಿದ ತಗ್ಗು, ನಾನೇ ನೋಡ್ತೀನಿ. ತೊಳೀರಿ ಅಣ್ಣಾ.

ಗಂಡ: ನಿನ್ನ ಒಳ್ಳೇದಕ್ಕೇ ಹೇಳಿದ್ದು...

ನೀರು ಜೋರಾಗಿ ಬಡಿಯಿತು. ಬೇರೆಡೆ ಕರಗಿ ಹರಿದ ಮಣ್ಣು ಇಲ್ಲಿ ಜಪ್ಪಯ್ಯ ಅನ್ನಲಿಲ್ಲ. ಪಾಲಿಶ್‌ನವ ಮರದ ಚಕ್ಕೆ ತಂದು ಮೆಲ್ಲಗೆ ಕೆರೆದ. ಒಂದು ಪದರ ಎದ್ದಿತು. ಅದರ ಕೆಳಗೆ ಇನ್ನೊಂದು, ಮತ್ತದರ ಕೆಳಗೆ ಮತ್ತೊಂದು.

ಪಾಲಿಶ್‌ನವ: ಅಕ್ಕಾ, ಒಂದು ವಿಷ್ಯ ಹೇಳ್ಲಾ? ಇದು ಸಿಡಿದ ಮಣ್ಣಲ್ಲ.

ಹೆಂಡತಿ: ಮತ್ತೆ?

ಪಾಲಿಶ್‌ನವ: ಬಳಿದ ಮಣ್ಣು. ನೋಡಿ, ಇದು ಕೆಮ್ಮಣ್ಣು, ಇದು ಕೆರೆಮಣ್ಣು. ಇದಕ್ಕೆ ಬಿರುಕು ಬಿಡದಿರಲಿ ಅಂತ ಹೊಟ್ಟು ಬೇರೆ ಕಲಸಿದ್ದಾರೆ. ಒಳ್ಳೇ ಕೈ. ಇಲ್ಲಿ ಬೆರಳ ಗುರುತು. ಇಲ್ಲಿ ನೋಡಿ, ಹೆಬ್ಬೆಟ್ಟು, ಪಕ್ಕದಲ್ಲಿ ಗಾಯದ ಗೆರೆ ಕೂಡ ಇದೆ.

ಗಂಡ ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಸೇರಿಸಿಕೊಂಡ.

ಕೊನೆಯ ಪದರವೂ ಉದುರಿತು. ತಗ್ಗು ಕಾಣಿಸಿತು. ಅದರ ನಡುವೆ ಕೆಂಪಗೆ ಒಂದು ಬರೆ.

ಪಾಲಿಶ್‌ನವ: ಅಕ್ಕಾ, ನಿಮ್ಮ ಮನೆ ಗೋಡೆ ಯಾವ ಬಣ್ಣ?

ಹೆಂಡತಿ: ಬಣ್ಣ ಎಲ್ಲಿ ಬಂತು? ಇವರು ಇನ್ನೂ ಗಾರೇನೇ ಮಾಡ್ಸಿಲ್ಲ. ಬರೀ ಇಟ್ಟಿಗೆ.

ಗಂಡ ನೆಗೆದು ನಿಂತ.

ಗಂಡ: ಇಟ್ಟಿಗೆ! ಇಟ್ಟಿಗೆ ಕೆಂಪು! ಸಾಕ್ಷಿ ಸಿಕ್ತಲ್ಲ? ಮುಚ್ಚು, ಮುಚ್ಚು, ಇನ್ನು ನೋಡೋದೇನಿದೆ!

ಪಾಲಿಶ್‌ನವ ಬಿಳೀ ಬಟ್ಟೆಗೆ ಥಿನ್ನರ್ ಹಚ್ಚಿ ಆ ಬರೆಯನ್ನು ಒರೆಸಿದ. ಬಟ್ಟೆ ಕೆಂಪಾಯಿತು. ಸುತ್ತಲಿನ ಕೊಳೆಯೂ ಬಿಟ್ಟು ಮೇಲೆ ಇನ್ನಷ್ಟು ಬರೆಗಳು ಕಂಡವು.

ಪಾಲಿಶ್‌ನವ: ಇಟ್ಟಿಗೆ ಗೀರುತ್ತೆ, ಹೀಗೆ ಬಟ್ಟೆಗೆ ಇಳಿಯಲ್ಲ ಯಜಮಾನ್ರೇ. ಇದು ಪೇಂಟು. ಇದರ ಮೇಲೊಂದು ಬಿಳಿ ಬರೆ. ಅದರ ಮೇಲೆ ಮತ್ತೆ ಕೆಂಪು, ಮತ್ತೆ ಬಿಳಿ. ಯಾವುದೋ ಪಟ್ಟೆಪಟ್ಟೆ ಕಂಬ ಇರ್ಬೇಕು.

ಹೆಂಡತಿ ತಗ್ಗನ್ನು ನೋಡಿದಳು. ಆಮೇಲೆ ನಿಧಾನವಾಗಿ ಕಣ್ಣೆತ್ತಿ ಗಂಡನ ಗಡ್ಡವನ್ನು ನೋಡಿದಳು.

ಹೆಂಡತಿ: ಕ್ಷೌರದಂಗಡಿ ಮುಂದೆ ಕೆಂಪು-ಬಿಳಿ ಪಟ್ಟೆ ಕಂಬ ಇದೆ, ಅಲ್ವೇನ್ರೀ?

ಗಂಡ: ಇರಬಹುದು. ನಾನು ಆ ಕಡೆ ಹೋಗೋದೇ ಇಲ್ಲ.

ಹೆಂಡತಿ: ಅದೇ ಕೇಳ್ತಿರೋದು. ಯಾಕೆ ಹೋಗಲ್ಲ? ದಿನಾ ಬೆಳಗಾದ್ರೆ ಅಲ್ಲೇ ಕೂತು ಊರಿನ ಸುದ್ದಿ ಹೇಳ್ತಿದ್ದೋರು ಹನ್ನೊಂದು ವರ್ಷದಿಂದ ಗಡ್ಡ ಬಿಟ್ಕೊಂಡಿದ್ದೀರಿ. ಕೇಳಿದ್ರೆ, ಗಡ್ಡ ಇದ್ರೆ ಗಂಭೀರ ಅಂತೀರಿ. ಆ ಕಂಬ ಹನ್ನೊಂದು ವರ್ಷದಿಂದ ವಾಲಿಕೊಂಡು ನಿಂತಿದೆ. ಪಾಪ, ಆ ಕ್ಷೌರಿಕ ಇನ್ನೂ ಹೋಗೋ ಬರೋ ಬಸ್ಸಿನೋರನ್ನೆಲ್ಲ ಬಯ್ತಾ ಇದ್ದಾನೆ!

ಗಂಡ: ಕಂಬ ಬಗ್ಗೋಕೆ ಸಾವಿರ ಕಾರಣ ಇರುತ್ತೆ. ಹಾಗಾದ್ರೆ ನೀನು ಕೇಳಿದ ಧಡ್ ಸದ್ದು ಎಲ್ಲಿಂದ ಬಂತು? ಅದಕ್ಕೆ ಉತ್ತರ ಹೇಳು!

ಪಾಲಿಶ್‌ನವನಿಗೆ ಈ ಜಗಳದ ಗೊಡವೆ ಬೇಕಿರಲಿಲ್ಲ. ಒಳಗಿನ ಅಂಚು ಒರೆಸೋಣವೆಂದು ಗಾಡಿಯ ಹಿಂಬಾಗಿಲಿಗೆ ಸುಮ್ಮನೆ ಕೈ ತಾಗಿಸಿದ. ಸವೆದ ಕೊಂಡಿ ಕಳಚಿ ಬಾಗಿಲು ಕೆಳಗೆ ಬಿತ್ತು.

ಧಡ್!

ಹೆಂಡತಿ: ಇದೇ! ಇದೇ ಸದ್ದು!

ಪಾಲಿಶ್‌ನವ: ಕೊಂಡಿ ಹಳೇದು ಅಕ್ಕಾ. ಗಾಡಿ ಸ್ವಲ್ಪ ಅಲ್ಲಾಡಿದ್ರೂ ಬೀಳುತ್ತೆ.

ಗಂಡ ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ.

ಗಂಡ: ನೋಡು, ನಾನೇನು ಸುಳ್ಳು ಹೇಳೋಣ ಅಂತ ಹೊರಟೋನಲ್ಲ. ನೀನು ಗಾಡಿ ತೆಗೆದ ಹಿಂದಿನ ಸಾಯಂಕಾಲ ನನ್ನ ಕೈಲೇ ಕಂಬಕ್ಕೆ ತಾಗಿತ್ತು. ರಾತ್ರಿಯೆಲ್ಲ ನಿನಗೆ ಹೇಗೆ ಹೇಳೋದು ಅಂತ ಯೋಚಿಸ್ತಾ ಇದ್ದೆ. ಬೆಳಿಗ್ಗೆ ನೀನೇ ಓಡಿ ಬಂದು, ತಪ್ಪಾಯ್ತು ರೀ ಅಂದೆ. ಅಷ್ಟು ಮನಸಾರೆ ತಪ್ಪು ಒಪ್ಕೊಳ್ತಾ ಇರೋಳನ್ನ ಬೇಡ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ.

ಹೆಂಡತಿ: ಅದಕ್ಕೇ ಗಾಡಿ ತೊಳೀಲಿಲ್ಲ?

ಗಂಡ: ತೊಳೆದ್ರೆ ಪಟ್ಟೆ ಕಾಣುತ್ತಲ್ಲ. ಆ ಮೂಲೆ ಒಂದರಲ್ಲೇ ಮಣ್ಣಿದ್ರೆ ಅನುಮಾನ ಬರುತ್ತೆ ಅಂತ ಇಡೀ ಗಾಡಿ ಹಾಗೇ ಬಿಟ್ಟೆ.

ಹೆಂಡತಿ: ಈ ಪದರ ಎಲ್ಲ?

ಗಂಡ: ತಿಂಗಳಿಗೊಂದು. ಮಳೆಗಾಲದಲ್ಲಿ ಎರಡು.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಅವನನ್ನೇ ನೋಡಿದಳು. ಸಿಟ್ಟು ಬರಬೇಕೋ ನಗು ಬರಬೇಕೋ ಗೊತ್ತಾಗದೆ ಎರಡೂ ಒಟ್ಟಿಗೆ ಬಂದವು.

ಹೆಂಡತಿ: ಇಷ್ಟು ವರ್ಷ ನಿಮ್ಮನ್ನ ಸೋಮಾರಿ ಅಂತ ಬೈದೆನಲ್ಲ, ನನ್ನ ಬಾಯಿಗಿಷ್ಟು ಮಣ್ಣು ಹಾಕ! ಮನೆ ಗೋಡೆಗೆ ಗಾರೆ ಮೆತ್ತಿ ಅಂದ್ರೆ ಸೊಂಟ ನೋವು ಅಂತೀರಿ. ಇಲ್ಲಿ ಕೆಮ್ಮಣ್ಣು, ಕೆರೆಮಣ್ಣು, ಹೊಟ್ಟು! ಗಾಡಿ ಮೂಲೆಗೆ ಮೆತ್ತಿದ ಮಣ್ಣಲ್ಲಿ ಒಂದು ಕೋಣೆ ಕಟ್ಟಬಹುದಿತ್ತು ಕಣ್ರೀ!

ಗಂಡ: ಅಟ್ಟಾನೂ ಆಗ್ತಿತ್ತು.

ಹೆಂಡತಿ: ಕೀ.

ಗಂಡ: ಈಗಲೇನಾ?

ಹೆಂಡತಿ: ತಗ್ಗನ್ನೇ ಕೇಳು ಅಂದಿದ್ರಲ್ಲ, ಕೇಳ್ದೆ. ಕೊಡು ಅಂತಿದೆ. ಕೀ!

ಗಂಡ ಬೆಲ್ಟಿನಿಂದ ಗೊಂಚಲು ಬಿಚ್ಚಿದ. ಅಷ್ಟು ವರ್ಷ ನೇತಾಡಿದ ಜಾಗದಲ್ಲಿ ಪ್ಯಾಂಟು ಕೂಡ ಸವೆದಿತ್ತು. ಪಾಲಿಶ್‌ನವ ಕಾಗದದಲ್ಲಿದ್ದ ಉದ್ದನೆಯ ಗೀಟನ್ನೆಲ್ಲ ಹೊಡೆದುಹಾಕಿ, ಪಕ್ಕದಲ್ಲಿ ‘ಗಂಡ’ ಎಂದು ಒಂದೇ ಒಂದು ಸಲ ಬರೆದು ಕೆಳಗಿನವರೆಗೆ ಹೊಸ ಗೀಟು ಎಳೆದ. ಹಕ್ಕಿಯೂ ಅದರಲ್ಲೇ ಬಂತು.

ಸಂಜೆಯ ಹೊತ್ತಿಗೆ ಪಟ್ಟೆ ಅಳಿಸಿ, ಮಿಷನ್ನಿನಲ್ಲಿ ಪಾಲಿಶ್ ತಿರುಗಿಸಿ, ಮೇಣ ಹಚ್ಚಿ ಒರೆಸಿದ್ದಾಗಿತ್ತು. ಬೆಳ್ಳಗೆ ಕಾಯಿಲೆ ಬಿದ್ದಂತಿದ್ದ ಬಂಪರಿಗೂ ಕಪ್ಪು ಬಂದಿತ್ತು. ತಗ್ಗೊಂದು ಉಳಿದದ್ದು ಬಿಟ್ಟರೆ ಗಾಡಿ ಇಂದು ಹೊಸದಾಗಿ ಬಂದಂತಿತ್ತು. ಬಂಪರಿನ ಹುಲ್ಲನ್ನು ಹೆಂಡತಿ ಬೇರುಸಹಿತ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ಸೀಟಿನ ಮೇಲಿಟ್ಟುಕೊಂಡಳು. ಬೆನ್ನು ನೆಟ್ಟಗೆ ಮಾಡಿ ಸ್ಟೇರಿಂಗ್ ಹಿಡಿದಳು.

ಗಂಡ ಹಿಂದೆ ನಿಂತು ಎರಡೂ ಕೈ ಬೀಸತೊಡಗಿದ.

ಗಂಡ: ಬಾ... ಬಾ... ಬಾ...

ಹೆಂಡತಿ: ಜಾಗ ಇದೆಯೇನ್ರೀ?

ಗಂಡ: ಬೇಕಾದಷ್ಟಿದೆ! ಲಾರಿ ಹೋಗುತ್ತೆ! ಬಾ, ಬಾ...

ಡುಬ್!

ಪಾಲಿಶ್‌ನವನ ನೀಲಿ ಡ್ರಮ್ಮು ಉರುಳಿ ಹೋಗಿ ಗೋಡೆಗೆ ಒರಗಿತು. ಹಿಂದಿನ ಬಲಮೂಲೆಯಲ್ಲಿ, ಆಗತಾನೆ ಮೇಣ ಹಚ್ಚಿದ ಹಸಿರಿನ ಮೇಲೆ, ಒಂದು ಸೊಗಸಾದ ನೀಲಿ ಬರೆ ಮೂಡಿತು. ಹೆಂಡತಿ ಇಳಿದು ಬರುವಷ್ಟರಲ್ಲಿ ಗಂಡ ಬಗ್ಗಿ, ಚರಂಡಿಯ ಅಂಚಿನಿಂದ ಒಂದು ಹಿಡಿ ಕೆಸರು ಬಳಿದುಕೊಂಡು ಎದ್ದಿದ್ದ.

ಹೆಂಡತಿ: ಕೈಯಲ್ಲೇನದು?

ಗಂಡ: ಏನಿಲ್ಲ... ರೂಢಿ ಆಗಿಬಿಟ್ಟಿದೆ.

ಹೆಂಡತಿ: ಬಿಸಾಕಿ ಅದನ್ನ! ಇದು ನಿಜವಾಗ್ಲೂ ನನ್ನದು. ನಾಲ್ಕು ಜನ ನೋಡ್ಲಿ. ಅಣ್ಣಾ, ಕಾಗದ ತನ್ನಿ.

ಪಾಲಿಶ್‌ನವ: ಏನಂತ ಬರೀಲಿ ಅಕ್ಕಾ?

ಹೆಂಡತಿ: ಗುದ್ದಿದ್ದು ಹೆಂಡತಿ. ಬಾ ಬಾ ಅಂದಿದ್ದು ಗಂಡ. ಕೆಳಗೆ ಇಬ್ಬರ ಸಹೀನೂ ಇರ್ಲಿ.

ಅವಳು ಚೆಂದವಾಗಿ ಸಹಿ ಹಾಕಿದಳು. ಗಂಡ ಪೆನ್ನು ಹಿಡಿಯಲು ಕೈ ಚಾಚಿದ. ಕೈತುಂಬ ಕೆಸರು. ಅತ್ತಿತ್ತ ನೋಡಿ, ಬೇರೆ ದಾರಿ ಕಾಣದೆ, ಬಲಗೈ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿಬಿಟ್ಟ.

ಗಂಡ: ಇದು ನಡೆಯುತ್ತಾ? ಸಹಿ ಅಲ್ಲ, ಹೆಬ್ಬೆಟ್ಟು.

ಪಾಲಿಶ್‌ನವ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. ಪಕ್ಕದಲ್ಲಿ ಅದೇ ಗಾಯದ ಗೆರೆ.

ಪಾಲಿಶ್‌ನವ: ನಡೆಯುತ್ತೆ ಯಜಮಾನ್ರೇ. ಬೆಳಿಗ್ಗೆಯಿಂದ ಇದನ್ನ ನೋಡ್ತಾನೇ ಇದ್ದೀನಲ್ಲ.